ನಮ್ಮ ಹುಡುಗ ಅಂದಮೇಲೆ

ಹೋದ ತಿಂಗಳು ಆಫೀಸಿನ ಊಟದ ಮೇಜಿನಲ್ಲಿ ಮತ್ತೆ ಅದೇ ಮಾತು ಶುರುವಾಯಿತು. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಒಬ್ಬ ಹುಡುಗ. ವಯಸ್ಸು ಹದಿನೇಳು, ಎತ್ತರ ಆರೂವರೆ ಅಡಿಗೂ ಜಾಸ್ತಿ. ಬಾಸ್ಕೆಟ್‌ಬಾಲ್ ಕೈಗೆ ಬಂದರೆ ಅವನನ್ನು ತಡೆಯುವವರಿಲ್ಲ. ಅವನು ಯಾವ ಕಾಲೇಜಿನ ತಂಡಕ್ಕೆ ಹೋಗುತ್ತಾನೆ? ಐದು ಜನ ಕೂತಿದ್ದೆವು, ಐದು ಲೆಕ್ಕಾಚಾರ. ಹೋದ ವಾರ ಯಾವ ಕೋಚ್ ಅವನ ಮನೆಗೆ ಹೋಗಿದ್ದರು, ಯಾವ ಬಣ್ಣದ ಶೂ ಹಾಕಿಕೊಂಡು ಫೋಟೋ ಹಾಕಿದ್ದಾನೆ, ಅವರಮ್ಮನಿಗೆ ಎಷ್ಟು ದೂರ ಇಷ್ಟ, ಎಷ್ಟು ದೂರ ಕಷ್ಟ, ಎಲ್ಲವೂ ಚರ್ಚೆಯಾಯಿತು. ಕೊನೆಗೆ ಒಬ್ಬರು ಊಟದ ಡಬ್ಬಿ ಮುಚ್ಚುತ್ತಾ ಹೇಳಿದರು, "ಇಲ್ಲೇ ಹುಟ್ಟಿ ಬೆಳೆದವನು. ನಮ್ಮ ಹುಡುಗ. ಬೇರೆ ಕಡೆ ಹೋದರೆ ಅದು ದ್ರೋಹವೇ." ಉಳಿದವರು ಹೌದು ಎಂದು ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಏಳೆಂಟು ವರ್ಷದ ಹಿಂದೆ ಆಗಿದ್ದರೆ ಎಲ್ಲರಿಗಿಂತ ಮೊದಲು ನಾನೇ ತಲೆಯಾಡಿಸುತ್ತಿದ್ದೆ. ಆವತ್ತಿನಿಂದ ಆ 'ನಮ್ಮ ಹುಡುಗ' ಎನ್ನುವ ಮಾತು ತಲೆಯಲ್ಲೇ ಕೂತಿದೆ. ಅದನ್ನು ಇಳಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯದ ಗ್ರೀರ್ ಹತ್ತಿರ. ಬಿಎಂಡಬ್ಲ್ಯೂ ಕಾರ್ಖಾನೆ ಇರುವ ಕಡೆ. ಎಂಎಸ್ ಓದಿದ್ದು ಇಲ್ಲಿಂದ ಒಂದು ಗಂಟೆ ದಾರಿಯ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ. ಮೆಕ್ಯಾನಿಕಲ್ ಓದಿ ಈ ಕಡೆ ಬಂದ ನಮ್ಮ ಹುಡುಗ ಹುಡುಗಿಯರಿಗೆ ಈ ಹೆಸರು ಹೊಸದೇನಲ್ಲ. ಕ್ಲೆಮ್ಸನ್ ಅಂದರೆ ಕಿತ್ತಳೆ ಬಣ್ಣ. ಊರಿಗೆ ಹೋಗುವ ಹೆದ್ದಾರಿಯ ಮೇಲೇ ಹುಲಿಯ ಹೆಜ್ಜೆ ಗುರುತು ಬಳಿದಿರುತ್ತಾರೆ. ಆದರೆ ಆ ಊರಿನ ಜೀವ ಇರುವುದು ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಎಂಬತ್ತು ಸಾವಿರ ಜನ ಕೂರುವ ಸ್ಟೇಡಿಯಂ ಅದಕ್ಕಿದೆ. ಬಾಸ್ಕೆಟ್‌ಬಾಲ್‌ಗೆ ಇರುವುದು ಲಿಟಲ್‌ಜಾನ್ ಕೊಲಿಸಿಯಂ. ಅಲ್ಲಿ ಹಿಡಿಯುವುದು ಒಂಬತ್ತು ಸಾವಿರ. ಮನೆಯಲ್ಲಿ ಎರಡನೇ ಮಗುವಿನ ಹಾಗೆ ಈ ಆಟ. ನನಗೆ ಹಿಡಿಸಿದ್ದು ಆ ಎರಡನೇ ಮಗುವೇ.

ಅಂಟಿಕೊಂಡ ರಾತ್ರಿ

2008ರ ಆಗಸ್ಟ್‌ನಲ್ಲಿ ಬಂದೆ. ಆರು ತಿಂಗಳು ಆಗುವಷ್ಟರಲ್ಲಿ ಚಳಿ, ಒಂಟಿತನ, ಲ್ಯಾಬ್, ಅನ್ನ ತಿಳಿಸಾರು. ಇಷ್ಟೇ ಜೀವನ ಆಗಿತ್ತು. 2009ರ ಫೆಬ್ರವರಿ 4ರಂದು ರೂಮ್‌ಮೇಟ್ ಒಬ್ಬ "ಸುಮ್ನೆ ಬಾರೋ" ಅಂತ ಲಿಟಲ್‌ಜಾನ್‌ಗೆ ಎಳೆದುಕೊಂಡು ಹೋದ. ಎದುರಿಗೆ ಪಕ್ಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯ. ದೇಶದಲ್ಲೇ ಮೊದಲ ಐದರೊಳಗಿನ ತಂಡ. ಆ ಹೊತ್ತಿಗೆ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ, 2008ರ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡಕ್ಕೆ ಚಿನ್ನ ಕೊಡಿಸಿದ್ದ ಕೋಚ್ ಕೆ ಅವರ ತಂಡ. ನನಗೆ ಆಟದ ನಿಯಮವೂ ಪೂರ್ತಿ ಗೊತ್ತಿರಲಿಲ್ಲ. ಆ ರಾತ್ರಿ ಕ್ಲೆಮ್ಸನ್ 74, ಡ್ಯೂಕ್ 47. ಅಂಕೆಗಳು ಕನ್ನಡಿಯಲ್ಲಿ ನೋಡಿದ ಹಾಗಿದ್ದವು. ಆಟ ಮುಗಿದ ಕೂಡಲೇ ವಿದ್ಯಾರ್ಥಿಗಳೆಲ್ಲ ಅಂಗಳಕ್ಕೆ ಇಳಿದರು. ನಾನೂ ಇಳಿದೆ. ಗುರುತೇ ಇಲ್ಲದ ಹುಡುಗನೊಬ್ಬ ನನ್ನನ್ನು ತಬ್ಬಿಕೊಂಡು ಕುಣಿದ. ಅಮೆರಿಕಕ್ಕೆ ಬಂದಮೇಲೆ ಯಾರಾದರೂ ನನ್ನನ್ನು ತಬ್ಬಿಕೊಂಡಿದ್ದು ಅದೇ ಮೊದಲು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ತಂಡದ ಮೇಲಿನ ಪ್ರೀತಿ ಆಟದಿಂದಲೇ ಹುಟ್ಟುತ್ತದೆ ಅಂತಿಲ್ಲ. ನಾನು ಆವತ್ತು ಕ್ಲೆಮ್ಸನ್‌ನವನಾದೆ. ಆಮೇಲೆ ಕೆಲಸ, ಮದುವೆ, ಮನೆ, ಮಗಳು, ಎಲ್ಲ ಆಯಿತು. ಅದು ಬಿಡಲಿಲ್ಲ.

ಆದರೆ ಅಂಥ ರಾತ್ರಿಗಳು ಕಡಿಮೆ. ನಾರ್ತ್ ಕ್ಯಾರೊಲೈನಾ ತಂಡದ ಮೇಲೆ ಅವರ ಊರಾದ ಚಾಪೆಲ್ ಹಿಲ್‌ನಲ್ಲಿ ಕ್ಲೆಮ್ಸನ್ ಒಂದೇ ಒಂದು ಸಲವೂ ಗೆದ್ದಿರಲಿಲ್ಲ. 2018ರ ಜನವರಿ 16ರಂದು ಅಲ್ಲಿ ಸೋತಾಗ ಅದು ಸತತ 59ನೇ ಸೋಲು. ತಂದೆ ಕಾಲದಿಂದ ಮಗನ ಕಾಲದವರೆಗೆ ಬರೀ ಸೋಲು ನೋಡಿದ ಜನ ನನ್ನ ಸುತ್ತ ಇದ್ದರು. ಅಂಥವರ ಮನೆ ಪಕ್ಕದಲ್ಲೇ ಒಬ್ಬ ಅದ್ಭುತ ಹುಡುಗ ಬೆಳೆದರೆ ಏನಾಗುತ್ತದೆ ನೀವೇ ಯೋಚಿಸಿ.

ಸ್ಪಾರ್ಟನ್‌ಬರ್ಗ್‌ನ ಪುಟ್ಟ ಜಿಮ್

ಝಯಾನ್ ವಿಲಿಯಮ್ಸನ್ ಎಂಬ ಆ ಹುಡುಗ ಓದುತ್ತಿದ್ದದ್ದು ಸ್ಪಾರ್ಟನ್‌ಬರ್ಗ್ ಡೇ ಸ್ಕೂಲ್‌ನಲ್ಲಿ. ನಮ್ಮ ಮನೆಯಿಂದ ಅರ್ಧ ಗಂಟೆ. ಪುಟ್ಟ ಖಾಸಗಿ ಶಾಲೆ. ಅವನು ಅಲ್ಲಿದ್ದಾಗ ಶಾಲೆ ಸತತ ಮೂರು ವರ್ಷ ರಾಜ್ಯ ಚಾಂಪಿಯನ್ ಆಯಿತು. ಅವನು ಹಾರಿ ಚೆಂಡನ್ನು ಬುಟ್ಟಿಗೆ ಬಡಿಯುವ ವಿಡಿಯೋಗಳನ್ನು ಜಗತ್ತಿನಾದ್ಯಂತ ಲಕ್ಷಾಂತರ ಜನ ನೋಡಿದ್ದರು. ನಮ್ಮ ಹಾಸನದಲ್ಲಿರುವ ಅಕ್ಕನ ಮಗ ಕೂಡ ಒಂದು ದಿನ ವಾಟ್ಸಾಪ್‌ನಲ್ಲಿ ಕಳಿಸಿ, "ಮಾಮ, ಇವನು ನಿಮ್ಮ ಕಡೆಯವನಂತಲ್ಲ!" ಎಂದು ಕೇಳಿದ್ದ. ಹೌದಪ್ಪ, ನಮ್ಮ ಕಡೆಯವನೇ ಅಂದಿದ್ದೆ. ಎಷ್ಟು ಸಲೀಸಾಗಿ ಅಂದೆ!

ಆ ಚಳಿಗಾಲ ಸಹೋದ್ಯೋಗಿಯೊಬ್ಬರ ಜೊತೆ ಅವನ ಒಂದು ಆಟ ನೋಡಲು ಹೋದೆ. ಜಿಮ್ ಎಷ್ಟು ಚಿಕ್ಕದೆಂದರೆ ನಮ್ಮ ಕಡೆಯ ಒಂದು ಸಾಧಾರಣ ಕಲ್ಯಾಣ ಮಂಟಪದಷ್ಟು. ಮರದ ಮೆಟ್ಟಿಲು ಬೆಂಚುಗಳಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಶಾಲೆಯ ಅಪ್ಪ ಅಮ್ಮಂದಿರು ಒಂದು ಕಡೆ, ನಮ್ಮಂಥವರು ಇನ್ನೊಂದು ಕಡೆ. ನಮ್ಮಂಥವರು ಅಂದರೆ ಆ ಶಾಲೆಗೂ ನಮಗೂ ಯಾವ ಸಂಬಂಧವೂ ಇಲ್ಲದವರು. ಸುಮಾರು ಜನ ಕಿತ್ತಳೆ ಅಂಗಿ ಹಾಕಿಕೊಂಡೇ ಬಂದಿದ್ದರು, ಅವನ ಕಣ್ಣಿಗೆ ಬೀಳಲಿ ಅಂತ. ನಾನೂ ಹಾಕಿಕೊಂಡಿದ್ದೆ. ಅಭ್ಯಾಸದ ಹೊತ್ತಿನಲ್ಲಿ ಅವನು ಸುಮ್ಮನೆ ಎರಡು ಹೆಜ್ಜೆ ಓಡಿ ಹಾರಿದ. ಅಷ್ಟು ಭಾರದ ಮೈ ಅಷ್ಟು ಹಗುರವಾಗಿ ಮೇಲೇಳುವುದನ್ನು ನಾನು ಎಂದೂ ಕಂಡಿರಲಿಲ್ಲ. ಕಬ್ಬಿಣದ ರಿಂಗು ಅಲುಗಾಡಿದ ಸದ್ದು ಎದೆಗೇ ಬಡಿಯಿತು. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಕಣ್ಣು ಒರೆಸಿಕೊಂಡರು. ಐವತ್ತು ವರ್ಷದಿಂದ ಕ್ಲೆಮ್ಸನ್ ಆಟ ನೋಡುತ್ತಿದ್ದೇನೆ, ಇವನು ಬಂದರೆ ಸಾಕು, ನಾನು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಎಂದರು. ಅವರ ಮಾತು ನನಗೆ ಆಗ ಸಹಜ ಅನ್ನಿಸಿತು. ಈಗ ನೆನೆದರೆ, ಹದಿನೇಳು ವರ್ಷದ ಒಬ್ಬ ಹುಡುಗನ ಹೆಗಲ ಮೇಲೆ ಎಂಥ ಹೊರೆ ಇಡುತ್ತಿದ್ದೆವು ಅನ್ನಿಸುತ್ತದೆ.

ಆಟ ಮುಗಿದ ಮೇಲೆ ಮಕ್ಕಳು ಅವನ ಸುತ್ತ ಮುತ್ತಿಕೊಂಡರು. ಅವನು ಒಬ್ಬೊಬ್ಬರಿಗೂ ಬಗ್ಗಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಹತ್ತಿರದಿಂದ ನೋಡಿದರೆ ಮುಖ ಪೂರ್ತಿ ಮಗುವಿನದು. ನನ್ನ ಜೊತೆ ಬಂದವರು ದೂರದಿಂದಲೇ "ಗೋ ಟೈಗರ್ಸ್!" ಎಂದು ಕೂಗಿದರು. ಅವನು ಈ ಕಡೆ ತಿರುಗಿ ನಕ್ಕ. ವಾಪಸ್ ಬರುವ ದಾರಿ ಪೂರ್ತಿ ನಾವು ಮಾತಾಡಿದ್ದು ಆ ನಗುವಿನ ಅರ್ಥ ಏನು ಅಂತ. ಬರ್ತಾನೆ ಅಂತ ತೀರ್ಮಾನ ಮಾಡಿಕೊಂಡೆವು.

ನಮ್ಮ ಆಸೆಗೆ ಕಾರಣ ಇರಲಿಲ್ಲ ಅಂತಲ್ಲ. ಅವನ ಮಲತಂದೆ ಲೀ ಆಂಡರ್ಸನ್ 1970ರ ದಶಕದಲ್ಲಿ ಕ್ಲೆಮ್ಸನ್‌ಗೇ ಆಡಿದವರು. ಹುಡುಗನಿಗೆ ಒಂಬತ್ತು ವರ್ಷ ಇದ್ದಾಗಿನಿಂದ ಬೆಳಗಿನ ಐದಕ್ಕೆ ಎಬ್ಬಿಸಿ ಅಭ್ಯಾಸ ಮಾಡಿಸಿದವರು ಅವರೇ. ತಾಯಿ ಶಾರೊಂಡಾ ಸ್ಯಾಂಪ್ಸನ್ ಕೂಡ ಅವನು ಚಿಕ್ಕವನಿದ್ದಾಗ ಕೋಚ್ ಆಗಿದ್ದವರು. ಮನೆಯಿಂದ ಕ್ಲೆಮ್ಸನ್ ಒಂದು ಗಂಟೆ ಚಿಲ್ಲರೆ. ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಮುನ್ಸೂಚನೆ ಹೇಳುವುದೇ ಇಲ್ಲಿ ಕೆಲವರ ಉದ್ಯೋಗ. ಅವರಲ್ಲಿ ಹಲವರು ಕ್ಲೆಮ್ಸನ್ ಎಂದೇ ಹೇಳಿದ್ದರು. ಕಣದಲ್ಲಿ ಉಳಿದಿದ್ದ ಕಾಲೇಜುಗಳು ಆರು: ಕ್ಲೆಮ್ಸನ್, ಸೌತ್ ಕ್ಯಾರೊಲೈನಾ, ನಾರ್ತ್ ಕ್ಯಾರೊಲೈನಾ, ಡ್ಯೂಕ್, ಕೆಂಟಕಿ, ಕ್ಯಾನ್ಸಸ್.

ಇಲ್ಲಿ ಒಂದು ವಿಷಯ ಹೇಳಬೇಕು. ಇಷ್ಟೆಲ್ಲ ಕಾಯುವುದು ಎಷ್ಟು ದಿನದ ಆಟಕ್ಕೆ? ಇಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಸೇರಲು 19 ವರ್ಷ ತುಂಬುವ ವರ್ಷವಾಗಿರಬೇಕು, ಹೈಸ್ಕೂಲ್ ಮುಗಿದು ಒಂದು ವರ್ಷವಾದರೂ ಕಳೆದಿರಬೇಕು. ಆ ನಿಯಮ ಬಂದದ್ದು 2006ರಲ್ಲಿ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗಿನಿಂದ. ಹಾಗಾಗಿ ಇಂಥ ಹುಡುಗರು ಕಾಲೇಜಿಗೆ ಬರುವುದು ಒಂದೇ ವರ್ಷಕ್ಕೆ. ನವೆಂಬರ್‌ನಲ್ಲಿ ಶುರು, ಎಲ್ಲ ಚೆನ್ನಾಗಿ ನಡೆದರೆ ಏಪ್ರಿಲ್ ಮೊದಲ ವಾರದವರೆಗೆ. ಐದು ತಿಂಗಳು. ಅದಕ್ಕಾಗಿ ನಾವು ಎರಡು ವರ್ಷ ಕಾದಿದ್ದೆವು. ಅದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಕಾದೆವು.

ಜನವರಿ 20

2018ರ ಜನವರಿ 20, ಶನಿವಾರ. ಆವತ್ತು ಎರಡು ಸಂಗತಿ ನಡೆದವು. ಒಂದು ನನಗೆ ಆವತ್ತೇ ಎದೆಗೆ ನಾಟಿತು. ಇನ್ನೊಂದು ನಾಟಬೇಕಿತ್ತು, ನಾಟಲಿಲ್ಲ.

ಎರಡನೆಯದನ್ನೇ ಮೊದಲು ಹೇಳುತ್ತೇನೆ. ಆ ದಿನ ಲಿಟಲ್‌ಜಾನ್‌ನಲ್ಲಿ ಕ್ಲೆಮ್ಸನ್ ತಂಡ ನೋಟರ್ ಡೇಮ್ ಮೇಲೆ 67–58ರಿಂದ ಗೆದ್ದಿತು. ಆ ಆಟದಲ್ಲಿ ಡಾಂಟೆ ಗ್ರಾಂಥಮ್ ಮಂಡಿ ಹಿಡಿದುಕೊಂಡು ಬಿದ್ದ. ವೆಸ್ಟ್ ವರ್ಜೀನಿಯಾದಿಂದ ಬಂದ ಹುಡುಗ. ನಾಲ್ಕನೇ ವರ್ಷದವನು, ಅಂದರೆ ಅದೇ ಅವನ ಕೊನೆಯ ವರ್ಷ. ಅವನು ಬಂದಾಗ ಯಾರೂ ಟಿವಿ ಮುಂದೆ ಕೂತು ಕಾದಿರಲಿಲ್ಲ. ನಾಲ್ಕು ವರ್ಷ ಸೋಲಿನಲ್ಲೂ ಗೆಲುವಿನಲ್ಲೂ ಆಡಿದ. ಆ ವರ್ಷ ತಂಡ ದೇಶದ ಮೊದಲ 25ರೊಳಗೆ ಬರಲು ಅವನೊಂದು ಮುಖ್ಯ ಕಾರಣ. ಮಂಡಿಯ ಲಿಗಮೆಂಟ್ ಹರಿದಿತ್ತು. ಕಾಲೇಜಿನ ಆಟ ಅಲ್ಲಿಗೇ ಮುಗಿಯಿತು.

ರಾತ್ರಿ ನಾವೆಲ್ಲ ಸಹೋದ್ಯೋಗಿಯ ಮನೆಯಲ್ಲಿ ಸೇರಿದ್ದೆವು. ಝಯಾನ್ ತನ್ನ ಶಾಲೆಯ ಜಿಮ್‌ನಲ್ಲೇ ನಿರ್ಧಾರ ಹೇಳುವವನಿದ್ದ, ಟಿವಿಯಲ್ಲಿ ನೇರ ಪ್ರಸಾರ. ನನ್ನ ಹೆಂಡತಿ ಪುಳಿಯೋಗರೆ ಮಾಡಿ ಕೊಟ್ಟಿದ್ದಳು. ಮೇಜಿನ ಮೇಲೆ ಕಿತ್ತಳೆ ಬಣ್ಣದ ಕೇಕ್. ಹತ್ತು ಹನ್ನೆರಡು ಜನ ದೊಡ್ಡವರು, ಮೂರ್ನಾಲ್ಕು ಮಕ್ಕಳು. ಅವನು ಬಂದು ಕೂತ. ಅಪ್ಪ ಅಮ್ಮ, ಕೋಚುಗಳು, ದೇವರು, ಎಲ್ಲರಿಗೂ ಇಂಥ ಹೊತ್ತಿನಲ್ಲಿ ಮಕ್ಕಳು ಧನ್ಯವಾದ ಹೇಳುತ್ತಾರಲ್ಲ, ಆ ಹೊತ್ತು ಕಳೆಯುವುದೇ ಕಷ್ಟ. ಆಮೇಲೆ ಅವನು ಡ್ಯೂಕ್ ಎಂದ.

ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಆ ಹೊತ್ತಿಗಾಗಲೇ ಡ್ಯೂಕ್‌ಗೆ ಆರ್.ಜೆ. ಬ್ಯಾರೆಟ್, ಕ್ಯಾಮ್ ರೆಡಿಷ್ ಬರುತ್ತೇವೆ ಎಂದಾಗಿತ್ತು. ಆ ವರ್ಷದ ಹೈಸ್ಕೂಲ್ ಆಟಗಾರರ ಪಟ್ಟಿಯಲ್ಲಿ ಮೊದಲ ಮೂರು ಸ್ಥಾನದ ಹುಡುಗರು ಒಂದೇ ಮನೆ ಸೇರಿದ ಹಾಗಾಯಿತು. ಒಬ್ಬರು ರಿಮೋಟ್ ಎಸೆದು ಹೊರಗೆ ಹೋದರು. ಒಬ್ಬರು, ಇಷ್ಟು ದಿನ ನಮ್ಮನ್ನು ಆಟ ಆಡಿಸಿದ ಎಂದರು. ನಾನೂ ಒಂದು ಮಾತು ಹೇಳಿದೆ. "ಒಂದೇ ಒಂದು ವರ್ಷ ಕೇಳಿದ್ದೆವು. ಅಷ್ಟನ್ನೂ ಕೊಡಲಿಲ್ಲ." ಎಲ್ಲರೂ ಹೌದು ಅಂದರು. ನನ್ನ ಮಗಳಿಗೆ ಆಗ ಆರು ವರ್ಷ. ಕೇಕ್ ಯಾಕೆ ಕತ್ತರಿಸುತ್ತಿಲ್ಲ ಅಂತ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ.

ಆ ರಾತ್ರಿ ಒಬ್ಬರೂ ಗ್ರಾಂಥಮ್ ಹೆಸರು ಎತ್ತಲಿಲ್ಲ. ಅವನ ಮಂಡಿ ಏನಾಯಿತು ಅಂತ ಕೇಳಲಿಲ್ಲ. ನಾಲ್ಕು ವರ್ಷ ನಮಗಾಗಿ ಆಡಿದವನು ಅದೇ ದಿನ ಬಿದ್ದಿದ್ದ. ನಮಗಾಗಿ ಒಂದು ನಿಮಿಷವೂ ಆಡದ ಹುಡುಗನಿಗಾಗಿ ನಾವು ಸೂತಕದ ಮನೆಯಂತೆ ಕೂತಿದ್ದೆವು. ಇದು ನನಗೆ ಹೊಳೆದದ್ದು ಎರಡು ತಿಂಗಳ ಮೇಲೆ, ಮಾರ್ಚ್‌ನಲ್ಲಿ. ಗ್ರಾಂಥಮ್ ಇಲ್ಲದ ಆ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಆಬರ್ನ್ ತಂಡವನ್ನು 84–53ರಿಂದ ಸೋಲಿಸಿ ಕೊನೆಯ 16ರ ಸುತ್ತಿಗೆ ಹೋಯಿತು. 1997ರ ನಂತರ ಅದೇ ಮೊದಲು. ಆಮೇಲೆ ಕ್ಯಾನ್ಸಸ್ ಎದುರು ನಾಲ್ಕೇ ಪಾಯಿಂಟ್‌ನಲ್ಲಿ ಸೋತರು. ಆ ಆಟ ನೋಡುತ್ತಾ ನನಗೆ ನಾಚಿಕೆಯಾಯಿತು. ಜನವರಿಯಿಂದ ಮಾರ್ಚ್‌ವರೆಗೆ ನಾನು ಈ ಹುಡುಗರ ಆಟವನ್ನು ಅರ್ಧ ಮನಸ್ಸಿನಿಂದ ನೋಡಿದ್ದೆ. ಬಾರದೇ ಇದ್ದವನ ಬಗ್ಗೆ ಕೊರಗುತ್ತಾ ಬಂದವರನ್ನು ಮರೆತಿದ್ದೆ.

ಹದಿನೆಂಟನೇ ಕ್ರಾಸ್

ಆ ನಾಚಿಕೆಯ ಜೊತೆಗೇ ಇನ್ನೊಂದು ನೆನಪು ಬಂತು. ನಾನೇ ಒಂದು ಸಲ 'ನಮ್ಮ ಹುಡುಗ' ಆಗಿದ್ದೆ.

2002. ಹಾಸನ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಅಪ್ಪನದು ಹಾರ್ಡ್‌ವೇರ್ ಅಂಗಡಿ. ಮೊಳೆ ತಗೊಳ್ಳೋಕೆ ಬಂದವರು, ಪೈಪ್ ತಗೊಳ್ಳೋಕೆ ಬಂದವರು, ಎಲ್ಲರೂ ನಾನು ಎಲ್ಲಿ ಸೇರಬೇಕು ಅಂತ ಹೇಳುವವರೇ. ಊರಲ್ಲೇ ಒಳ್ಳೆ ಕಾಲೇಜಿದೆ, 1960ರಿಂದ ಇದೆ, ಹೊರಗಿನವರು ಹುಡುಕಿಕೊಂಡು ಬರುತ್ತಾರೆ, ನಮ್ಮ ಹುಡುಗ ಯಾಕೆ ಹೊರಗೆ ಹೋಗಬೇಕು? ಅಪ್ಪನ ಮನಸ್ಸೂ ಅದೇ ಇತ್ತು. ಮನೆ ಊಟ, ಖರ್ಚು ಕಡಿಮೆ. ಎಲ್ಲರಿಗಿಂತ ಜಾಸ್ತಿ ಆಸೆ ಇಟ್ಟುಕೊಂಡಿದ್ದವರು ನಮ್ಮ ಲೆಕ್ಕದ ಮೇಷ್ಟ್ರು. ರಿಟೈರ್ ಆಗಿದ್ದರು. ಎರಡು ವರ್ಷ ಬೆಳಗಿನ ಐದೂವರೆಗೆ ಅವರ ಮನೆ ಜಗಲಿ ಮೇಲೆ ಕೂರಿಸಿ ಲೆಕ್ಕ ಹೇಳಿಕೊಟ್ಟರು. ಕರೆಂಟ್ ಹೋದರೆ ಲಾಟೀನು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಅವರ ಹಳೆಯ ಶಿಷ್ಯರೊಬ್ಬರು ಊರಿನ ಆ ಕಾಲೇಜಿನಲ್ಲೇ ಪಾಠ ಮಾಡುತ್ತಿದ್ದರು. "ನಮ್ಮ ಹುಡುಗ ಬರ್ತಾನೆ, ನೋಡ್ಕೋ" ಅಂತ ಅವರಿಗೆ ಮೊದಲೇ ಹೇಳಿಯೂ ಬಿಟ್ಟಿದ್ದರು.

ನನಗೆ ಮೈಸೂರಿಗೆ ಹೋಗಬೇಕಿತ್ತು. ಯಾಕೆ ಅಂದರೆ ಸರಿಯಾದ ಕಾರಣ ಕೊಡಲು ಆಗ ಬರುತ್ತಿರಲಿಲ್ಲ. ಹದಿನೇಳು ವರ್ಷ ಒಂದೇ ಬೀದಿಯಲ್ಲಿ ಬೆಳೆದಿದ್ದೆ. ಎಲ್ಲರಿಗೂ ಗೊತ್ತಿರುವ ಹುಡುಗನಾಗಿ ಇದ್ದೂ ಇದ್ದೂ ಸಾಕಾಗಿತ್ತು. ಯಾರಿಗೂ ಗೊತ್ತಿಲ್ಲದ ಕಡೆ ಹೋಗಿ ನೋಡಬೇಕು ಅನ್ನಿಸಿತ್ತು. ಅಷ್ಟೇ.

ಮಲ್ಲೇಶ್ವರದ ಹದಿನೆಂಟನೇ ಕ್ರಾಸ್‌ನಲ್ಲಿ ಕೌನ್ಸೆಲಿಂಗ್. ಆ ಕಾಲದಲ್ಲಿ ಹೋದವರಿಗೆ ನೆನಪಿರುತ್ತದೆ. ಹಾಲ್‌ನಲ್ಲಿ ಟಿವಿಗಳು, ಅವುಗಳಲ್ಲಿ ಕಾಲೇಜಿನ ಹೆಸರು, ಎದುರಿಗೆ ಉಳಿದಿರುವ ಸೀಟು. ನೋಡುತ್ತಾ ಇದ್ದ ಹಾಗೇ ಮೂರು ಇದ್ದದ್ದು ಎರಡಾಗುತ್ತಿತ್ತು. ಅಪ್ಪ ಡಿಡಿ ಇದ್ದ ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನನ್ನ ಸರದಿ ಬಂದು ಕಂಪ್ಯೂಟರ್ ಮುಂದೆ ಕೂತಾಗ ಆಪರೇಟರ್ "ಬೇಗ ಹೇಳಪ್ಪ" ಎಂದರು. ಅಪ್ಪನ ಮುಖ ನೋಡಿದೆ. ಅವರು ಗೋಡೆ ಕಡೆ ನೋಡುತ್ತಿದ್ದರು. ನಾನು ಮೈಸೂರು ಎಂದೆ. ಅರ್ಧ ನಿಮಿಷದ ಕೆಲಸ.

ವಾಪಸ್ ಬಸ್ಸಿನಲ್ಲಿ ಕುಣಿಗಲ್ ದಾಟುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ, "ಮೇಷ್ಟ್ರಿಗೆ ನೀನೇ ಹೋಗಿ ಹೇಳ್ಬೇಕು" ಅಂದರು. ಸಂಜೆ ಹೋದೆ. ಜಗಲಿ ಮೇಲೆ ಕೂತು ರೇಡಿಯೋ ಕೇಳುತ್ತಿದ್ದರು. ಸೀಟು ಮೈಸೂರಿನಲ್ಲಿ ತಗೊಂಡೆ ಮೇಷ್ಟ್ರೇ ಅಂದೆ. ರೇಡಿಯೋ ಸಣ್ಣಗೆ ಮಾಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಸ್ಟೆಲ್ ಸಿಕ್ತಾ?" ಎಂದು ಕೇಳಿದರು. ಇನ್ನೂ ಇಲ್ಲ ಅಂದೆ. "ಮೊದ್ಲು ಅದು ನೋಡ್ಕೋ. ಊಟದ್ದು ವಿಚಾರ್ಸು" ಅಂದರು. ಅಷ್ಟೇ.

ಅಂಗಡಿಗೆ ಬರುವವರು ಅಷ್ಟಕ್ಕೆ ಬಿಡಲಿಲ್ಲ. "ನಮ್ಮೂರು ಬೇಡವಾಯ್ತೇನೋ ನಿನಗೆ?" ಅಂತ ತಿಂಗಳುಗಟ್ಟಲೆ ಕೇಳಿದರು. ಸಂಬಂಧಿಕರೊಬ್ಬರು ಒಂದು ವರ್ಷ ನನ್ನ ಹತ್ತಿರ ಮಾತೇ ಬಿಟ್ಟರು. ಅವರು ನನಗೆ ಒಂದು ನೋಟ್‌ಬುಕ್ ಕೂಡ ಕೊಡಿಸಿದವರಲ್ಲ. ನನಗೋಸ್ಕರ ನಿದ್ದೆ ಬಿಟ್ಟವರು ಹಾಸ್ಟೆಲ್ ಬಗ್ಗೆ ಕೇಳಿದರು. ಏನೂ ಬಿಡದವರು ದ್ರೋಹ ಅಂದರು. 2018ರಲ್ಲಿ ನಾನು ಯಾವ ಕಡೆ ನಿಂತಿದ್ದೆ? ಬೆಳಗಿನ ಐದಕ್ಕೆ ಎದ್ದು ಅಭ್ಯಾಸ ಮಾಡಿಸಿದ್ದು ಆಂಡರ್ಸನ್. ತಾವು ಆಡಿದ ಕಾಲೇಜಿಗೇ ಬಾ ಅಂತ ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವರಿಗೆ. ಹುಡುಗ ಡ್ಯೂಕ್‌ಗೆ ಹೋದ, ಅವರು ಹುಡುಗನ ಜೊತೆಗೇ ಇದ್ದರು. ನಾನು ಅವನಿಗೆ ಕೊಟ್ಟಿದ್ದು ಒಂದು ಆಟದ ಟಿಕೆಟ್ ದುಡ್ಡು. ಅದೂ ಶಾಲೆಗೆ.

ಪೂರ್ತಿ ಒಂದು ಸುತ್ತು

2019ರ ಜನವರಿ 5. ಕ್ಲೆಮ್ಸನ್ ತಂಡ ಡ್ಯೂಕ್ ಇರುವ ಡರಮ್ ಊರಿಗೆ ಹೋಯಿತು, ಡ್ಯೂಕ್ ಎದುರು. ಝಯಾನ್ 25 ಪಾಯಿಂಟ್ ಹೊಡೆದ. ಡ್ಯೂಕ್ 87–68ರಿಂದ ಗೆದ್ದಿತು. ನಡುವೆ ಒಂದು ಸಲ ಚೆಂಡು ಸಿಕ್ಕಿ ಒಬ್ಬನೇ ಓಡಿದ. ಎದುರಿಗೆ ಯಾರೂ ಇರಲಿಲ್ಲ. ಹಾರಿ ಗಾಳಿಯಲ್ಲೇ ಪೂರ್ತಿ ಒಂದು ಸುತ್ತು ತಿರುಗಿ ಬುಟ್ಟಿಗೆ ಬಡಿದ. ಸುಮಾರು 129 ಕಿಲೋ ತೂಕದ ಮೈ. ಅವನು ಆ ವರ್ಷ ಮಾಡಿದ್ದರಲ್ಲಿ ಜನ ಅತಿ ಹೆಚ್ಚು ನೆನೆಸಿಕೊಳ್ಳುವುದು ಇದನ್ನೇ. ಅದು ನಮ್ಮ ಮೇಲೆಯೇ ಆಗಿತ್ತು. ನಾನು ಸೋಫಾದಿಂದ ಎದ್ದು ನಿಂತೆ. ಚಪ್ಪಾಳೆ ಹೊಡೆದೆ ಅಂತ ಆಮೇಲೆ ಗೊತ್ತಾಯಿತು. ಹೆಂಡತಿ ಅಡುಗೆಮನೆಯಿಂದ, "ರೀ, ನಿಮ್ಮವರು ಗೆದ್ರಾ?" ಅಂತ ಕೇಳಿದಳು. ಇಲ್ಲ ಅಂದೆ. ಒಂದು ವರ್ಷದ ಗಂಟು ಅವತ್ತು ಸಡಿಲವಾಯಿತು. ಸ್ಪಾರ್ಟನ್‌ಬರ್ಗ್‌ನ ಆ ಪುಟ್ಟ ಜಿಮ್‌ನಲ್ಲಿ ನಾನು ನೋಡಿದ್ದ ಸಂತೋಷವೇ ಅವನ ಮುಖದಲ್ಲಿತ್ತು. ಅವನು ಹೋಗಬೇಕಾದ ಕಡೆಗೇ ಹೋಗಿದ್ದ.

ಮುಂದಿನದು ಎಲ್ಲರಿಗೂ ಗೊತ್ತು. ಫೆಬ್ರವರಿ 20ರಂದು ನಾರ್ತ್ ಕ್ಯಾರೊಲೈನಾ ಎದುರು ಆಟ ಶುರುವಾಗಿ ಒಂದು ನಿಮಿಷ ಆಗುವುದರೊಳಗೆ ಅವನ ಎಡಗಾಲಿನ ಶೂ ಹರಿದು ಹೋಗಿ ಮಂಡಿ ಉಳುಕಿತು. ಇನ್ನು ಆಡಬೇಡ, ಮುಂದೆ ಕೋಟಿಗಟ್ಟಲೆ ದುಡ್ಡು ಕಾದಿದೆ, ಈ ಕಾಲೇಜಿಗಾಗಿ ಕಾಲು ಕಳಕೋಬೇಡ ಎಂದು ಟಿವಿಯಲ್ಲಿ ಕೂತವರು ಬುದ್ಧಿ ಹೇಳಿದರು. ಅವನು ಮಾರ್ಚ್‌ನಲ್ಲಿ ವಾಪಸ್ ಬಂದು ಸಿರಕ್ಯೂಸ್ ಎದುರು ಹೊಡೆದ 13ಕ್ಕೆ 13ನ್ನೂ ಹಾಕಿದ. ಕೊನೆಯ ಎಂಟರ ಸುತ್ತಿನಲ್ಲಿ ಮಿಶಿಗನ್ ಸ್ಟೇಟ್ ಎದುರು ಒಂದೇ ಪಾಯಿಂಟ್‌ನಲ್ಲಿ ಸೋತರು. ದೇಶದ ಅತ್ಯುತ್ತಮ ಮೂವರಿದ್ದ ತಂಡಕ್ಕೂ ಕಪ್ ಸಿಗಲಿಲ್ಲ. ಜೂನ್‌ನಲ್ಲಿ ಎನ್‌ಬಿಎಯ ನ್ಯೂ ಆರ್ಲಿಯನ್ಸ್ ತಂಡ ಅವನನ್ನು ಮೊದಲನೆಯವನಾಗಿ ಆರಿಸಿಕೊಂಡಿತು. ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವನು ಟಿವಿಯಲ್ಲಿ ಅತ್ತಾಗ ನಮ್ಮ ಮನೆಯಲ್ಲೂ ಕಣ್ಣು ಒದ್ದೆಯಾದವು.

ದುಡ್ಡು ಬಂದಮೇಲೆ

ಝಯಾನ್ ಕಾಲೇಜಿಗೆ ಹೋದಾಗ ಕಾಲೇಜು ಆಟಗಾರರಿಗೆ ಸಿಗುತ್ತಿದ್ದದ್ದು ಫೀಸು, ಊಟ, ವಸತಿ. ಅವನ ಆಟದಿಂದ ಕಾಲೇಜಿಗೂ ಟಿವಿಗೂ ಬಂದ ದುಡ್ಡಿನಲ್ಲಿ ಅವನಿಗೆ ಪಾಲು ಇರಲಿಲ್ಲ. 2021ರ ಜುಲೈನಿಂದ ತಮ್ಮ ಹೆಸರಿನಿಂದ ಸಂಪಾದಿಸಲು ಆಟಗಾರರಿಗೆ ಅವಕಾಶ ಬಂತು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು, ಒಂದು ಕಾಲೇಜು ಎಲ್ಲ ಆಟಗಾರರಿಗೂ ಸೇರಿಸಿ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಇದು ಬರಬೇಕಾಗಿತ್ತು, ತಡವಾಗಿ ಬಂತು. ಆದರೆ ನಮ್ಮ ಊಟದ ಮೇಜಿನ ಮಾತು ಇದರಿಂದ ಇನ್ನೂ ಬಿರುಸಾಗಿದೆ. ಅಭಿಮಾನಿಗಳೇ ಚಂದಾ ಎತ್ತಿ ಆಟಗಾರರಿಗೆ ಕೊಡಲು ಗುಂಪು ಕಟ್ಟಿಕೊಂಡರಲ್ಲ, ಆಮೇಲೆ 'ನಮ್ಮ ಹುಡುಗ' ಎನ್ನುವುದರ ಜೊತೆಗೆ 'ನಮ್ಮ ದುಡ್ಡು' ಎನ್ನುವುದೂ ಸೇರಿಕೊಂಡಿತು. ತಿಂಗಳಿಗೆ ಇಪ್ಪತ್ತು ಡಾಲರ್ ಕೊಡುವ ಒಬ್ಬರು ಹೋದ ತಿಂಗಳು ಅದೇ ಮೇಜಿನಲ್ಲಿ, ನಾನು ದುಡ್ಡು ಹಾಕಿದ್ದೇನೆ, ಕೇಳುವ ಹಕ್ಕು ನನಗಿದೆ ಎಂದರು. ಸಂಬಳ ಕೊಟ್ಟರೆ ಕೆಲಸ ಕೇಳಬಹುದು. ಇನ್ನೂ ಬಂದೇ ಇಲ್ಲದ ಹುಡುಗನ ಜೀವನ ಕೇಳಬಹುದಾ? ನಾನು ಇಷ್ಟನ್ನು ಅಲ್ಲಿ ಹೇಳಿದೆ. ಅವರು ಬೇಜಾರು ಮಾಡಿಕೊಂಡರು. ಬುಧವಾರ ಮತ್ತೆ ಜೊತೆಯಲ್ಲೇ ಊಟ ಮಾಡಿದೆವು, ಆ ಮಾತು ಮಾತ್ರ ತೆಗೆಯಲಿಲ್ಲ.

ಪ್ರೀತಿ ಇರಬಾರದು ಅಂತ ನಾನು ಹೇಳುತ್ತಿಲ್ಲ. ನನಗೆ ಈಗಲೂ ಇದೆ. 2020ರ ಜನವರಿಯಲ್ಲಿ ಚಾಪೆಲ್ ಹಿಲ್‌ನಲ್ಲಿ ಕ್ಲೆಮ್ಸನ್ ಕೊನೆಗೂ ಗೆದ್ದಾಗ, 59 ಸೋಲಿನ ಮೇಲೆ ಬಂದ ಆ ಒಂದು ಗೆಲುವಿಗೆ ನಾನು ಮಗಳನ್ನು ಎತ್ತಿಕೊಂಡು ಮನೆ ತುಂಬ ಓಡಾಡಿದೆ. ಕೊನೇ ಕ್ಷಣದಲ್ಲಿ ದೂರದಿಂದ ಹೊಡೆದು ಆಟವನ್ನು ಸಮ ಮಾಡಿದವನು ಆಮಿರ್ ಸಿಮ್ಸ್. ಅವನು ಕ್ಲೆಮ್ಸನ್ ಆರಿಸಿಕೊಂಡ ದಿನ ನಾನು ಯಾರ ಮನೆಯಲ್ಲೂ ಕೇಕ್ ಇಟ್ಟುಕೊಂಡು ಕೂತಿರಲಿಲ್ಲ.

ಜಗಲಿ

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಮೇಷ್ಟ್ರಿಗೆ ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ. ಜಗಲಿಗೆ ಈಗ ಟೈಲ್ಸ್ ಹಾಕಿಸಿದ್ದಾರೆ. ಕಾಫಿ ಕುಡಿಯುತ್ತಾ ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿಯೇ ಬಿಟ್ಟೆ. "ಮೇಷ್ಟ್ರೇ, ಆವತ್ತು ನಾನು ಮೈಸೂರು ಅಂದಾಗ ನಿಮಗೆ ಬೇಜಾರಾಯ್ತಾ?"

"ಆಯ್ತು ಕಣೋ, ಆಗ್ದೆ ಇರುತ್ತಾ?" ಅಂದರು. "ಒಂದು ಹದಿನೈದು ದಿನ ಆಯ್ತು. ಕಾಲೇಜಲ್ಲಿದ್ದ ನನ್ನ ಹಳೇ ಹುಡುಗನಿಗೆ ಬೇರೆ ಮಾತು ಕೊಟ್ಟಿದ್ದೆ. ಆದ್ರೆ ಅದು ನನ್ನ ಬೇಜಾರು, ನಿನ್ನ ತಲೆ ಮೇಲೆ ಯಾಕೆ ಹೊರಿಸ್ಲಿ? ಆಮೇಲೆ ಹೊಲದಲ್ಲಿ ಆಲೂಗೆಡ್ಡೆ ಕೀಳೋ ಕೆಲಸ ಬಂತು."

ನಾನು ಅವರಿಗೆ ಝಯಾನ್ ಕಥೆ ಹೇಳಿದೆ. ಬಾಸ್ಕೆಟ್‌ಬಾಲ್ ಅಂದರೆ ಏನು ಅಂತಲೂ ಹೇಳಬೇಕಾಯಿತು. ಟಿವಿ, ಕೇಕ್, ಸಿಟ್ಟು, ಅವನು ಗಾಳಿಯಲ್ಲಿ ತಿರುಗಿದ್ದು, ಶೂ ಹರಿದದ್ದು, ಆಮೇಲೆ ಎನ್‌ಬಿಎಗೆ ಹೋದಮೇಲೆ ಮಂಡಿ ಆಪರೇಷನ್ ಆದದ್ದು, ಪಾದದ ಮೂಳೆ ಮುರಿದು 2021–22ರಲ್ಲಿ ಪೂರ್ತಿ ಒಂದು ವರ್ಷ ಆಡದೇ ಕೂತದ್ದು, ಎಲ್ಲ ಹೇಳಿದೆ. ಮೇಷ್ಟ್ರು ಕಿವಿಗೆ ಕೈ ಇಟ್ಟುಕೊಂಡು ಕೇಳಿದರು. ಯಾವ ಕಾಲೇಜು ದೊಡ್ಡದು, ಯಾರು ಗೆದ್ದರು, ಯಾವುದನ್ನೂ ಕೇಳಲಿಲ್ಲ. ಲೋಟ ಕೆಳಗಿಟ್ಟು, "ಪಾಪ, ಈಗ ಕಾಲು ಹೇಗಿದೆಯಂತೆ ಆ ಹುಡುಗನಿಗೆ?" ಅಂದರು.